ಇಪ್ಪತ್ತು ನಿಮಿಷ

ವಾಲ್‌ಪರೈಸೊದ ಗುಡ್ಡ ಹತ್ತಿಸುವ ಮರದ ಡಬ್ಬಿಯನ್ನು
ಮೂವತ್ತೊಂದು ವರ್ಷ ಏರಿಸಿ ಇಳಿಸಿದವನು ನನ್ನ ಗಂಡ.
ಈಗ ಬಚ್ಚಲ ಬಾಗಿಲು ಹಿಡಿದು ನಿಂತು
"ಇನ್ನಿಬ್ಬರಿಗೆ ಜಾಗ ಇದೆ, ಬೇಗ ಬನ್ನಿ" ಅನ್ನುತ್ತಾನೆ.
ಯಾರೂ ಬರುವುದಿಲ್ಲ. ನಾನು ಹೋಗಿ ಒಳಗೆ ನಿಲ್ಲುತ್ತೇನೆ.
ನಿಂತರೆ ಸ್ನಾನ, ಇಲ್ಲದಿದ್ದರೆ ಜಗಳ.

ರೊಟ್ಟಿಯಂಗಡಿಯಲ್ಲಿ, ಔಷಧಿಯಂಗಡಿಯಲ್ಲಿ, ಮೆಟ್ಟಿಲ ತಿರುವಿನಲ್ಲಿ
ನಿಕನೋರ್ ಹೇಗಿದ್ದಾನೆ, ನಿಕನೋರ್ ಹೇಗಿದ್ದಾನೆ.
ಚೆನ್ನಾಗಿದ್ದಾನೆ. ಊಟ ಸೇರುತ್ತದೆ. ನಿದ್ದೆ ಒಂದಿಷ್ಟು.
ನನ್ನ ನಾಲಿಗೆ ಯಾರದೋ ಮನೆಯ ಕರೆಗಂಟೆ,
ಒತ್ತಿದರೆ ಬಡಿದುಕೊಳ್ಳುತ್ತದೆ.

ಮಂಗಳವಾರ ಸಂಜೆ, ಬೆಂಕಿ ಆರಿಸುವವರ ಠಾಣೆಯ ಮಹಡಿಯಲ್ಲಿ
ಎಂಟು ಕುರ್ಚಿ. ಒಂದಕ್ಕೆ ಕಾಲು ಸರಿಯಿಲ್ಲ.
ನಾನು ಹೋದದ್ದು ಫ್ರೆಸಿಯಾಳ ಕಾಟ ತಾಳಲಾರದೆ.
ಯಸ್ನಾ ಅಂತ ಹುಡುಗಿ, ಮನಸ್ಸಿನ ಡಾಕ್ಟರಂತೆ,
ನನ್ನ ಮೊಮ್ಮಗಳ ವಯಸ್ಸು, ಉಗುರಿಗೆ ಹಸಿರು ಬಣ್ಣ,
ಕೇಳಿದಳು: ಎರ್ಮೆಲಿಂದಾ, ನೀವು ಹೇಗಿದ್ದೀರಿ?
ಊಟ ಸೇರುತ್ತದೆ, ಅಂದೆ, ನಿದ್ದೆ ಒಂದಿಷ್ಟು.
ಅವರದಲ್ಲ. ನಿಮ್ಮದು.
ನಾನು ಚೀಲದ ಪಟ್ಟಿ ನೋಡಿದೆ.
ಪಟ್ಟಿಯಲ್ಲಿ ಹನ್ನೊಂದು ಹೊಲಿಗೆ ಇದ್ದವು.

ಮೂರನೆಯ ಮಂಗಳವಾರ ಬಾಯಿ ಬಿಟ್ಟೆ.
ಆಗಸ್ಟಿನ ಚಳಿ, ಸಮುದ್ರದ ಗಾಳಿ,
ಆ ರಾತ್ರಿ ನಾಲ್ಕನೆಯ ಸಲ ಹಾಸಿಗೆ ಒದ್ದೆಯಾಗಿತ್ತು.
ಯಾರು ಈ ಮುದುಕಿ, ನನ್ನ ಹೆಂಡತಿಯನ್ನು ಏನು ಮಾಡಿದೆ
ಎಂದು ನನ್ನನ್ನೇ ಕೂಗಿ ಕೇಳಿದ.
ಹೊರಗಿನಿಂದ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತೆ.
ಬರಿಗಾಲು. ಮಡಿಲಲ್ಲಿ ಒದ್ದೆ ದುಪ್ಪಟಿ.
ಒಳಗಿನಿಂದ ಅವನು ಬಡಿಯುತ್ತಿದ್ದ.
ಕೆಳಗೆ ಬಂದರಿನ ಕ್ರೇನುಗಳು ದೀಪ ಹಚ್ಚಿಕೊಂಡು
ಯಾರದೋ ಸಾಮಾನು ಯಾರಿಗೋ ಎತ್ತಿ ಕೊಡುತ್ತಿದ್ದವು.
ಇಪ್ಪತ್ತು ನಿಮಿಷ. ಇಗರ್ಜಿಯ ಗಡಿಯಾರ ನೋಡಿ ಹೇಳುತ್ತಿದ್ದೇನೆ.
ಅಷ್ಟೂ ಹೊತ್ತು ನಾನು ಬೇಡಿಕೊಂಡದ್ದು
ಅವನು ಸುಮ್ಮನಾಗಲಿ ಎಂದು ಮಾತ್ರ ಅಲ್ಲ.
ಇದಕ್ಕಿಂತ ಬಿಡಿಸಿ ಹೇಳಲಾರೆ.

ಹೇಳಿ ಕಾದೆ. ಯಾರಾದರೂ ಎದ್ದು ಹೋಗಬಹುದು,
ಯಾರಾದರೂ ಪೊಲೀಸರಿಗೆ...
ಕಾಲಿಲ್ಲದ ಕುರ್ಚಿಯಲ್ಲಿ ತೂಗುತ್ತ ಕೂತಿದ್ದ ಎಲಿಯೊದೋರೊ,
ತೊಂಬತ್ತೆರಡರ ತಾಯಿಗೆ ತಾನೇ ಜಡೆ ಹೆಣೆಯುವ ಮೀಸೆಗಾರ,
ಬಿಸ್ಕತ್ತಿನ ಡಬ್ಬಿ ನನ್ನತ್ತ ಜರುಗಿಸಿದ.
ನನ್ನದು ನಲವತ್ತು, ಅಂದ. ಕಾರಿನೊಳಗೆ. ರೇಡಿಯೊ ಜೋರಾಗಿ ಹಾಕಿಕೊಂಡು.
ಫ್ರೆಸಿಯಾ ಫಕ್ಕನೆ ನಕ್ಕಳು. ನಾನೂ.
ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ
ಯಸ್ನಾ ನೀರು ತಂದಳು, ಲೋಟದ ಸುತ್ತ ಐದು ಹಸಿರು ಉಗುರು.

ನಿಮ್ಮದೇನೂ ತಪ್ಪಿಲ್ಲ ಎಂದು ಅವಳು ಹೇಳಲಿಲ್ಲ.
ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ.
ಕೇಳಿದ್ದು ಇಷ್ಟೆ: ಮತ್ತೆ ಮೆಟ್ಟಿಲ ಮೇಲೆ ಕೂರುವ ರಾತ್ರಿ
ಫೋನು ಯಾರಿಗೆ ಮಾಡುತ್ತೀರಿ?
ನನಗೆ, ಅಂದ ಎಲಿಯೊದೋರೊ ಬಾಯ್ತುಂಬ ಬಿಸ್ಕತ್ತಿಟ್ಟುಕೊಂಡು,
ನಾನು ಹೇಗೂ ಎದ್ದೇ ಇರುತ್ತೇನೆ.

ಮದುವೆಗೆ ಮುಂಚೆ ನಿಕನೋರ್ ನನಗೆ ತೋರಿಸಿದ್ದ,
ಒಂದು ಹಗ್ಗ, ಎರಡು ಡಬ್ಬಿ.
ಮೇಲೇರುವುದನ್ನು ಯಂತ್ರವೊಂದೇ ಎಳೆಯುವುದಿಲ್ಲ ಕಣೆ,
ಇಳಿಯುವ ಡಬ್ಬಿಯ ಭಾರವೂ ಎತ್ತಿಕೊಡುತ್ತದೆ.
ನಾನು ಆಗ ಅವನ ಕೈ ನೋಡುತ್ತಿದ್ದೆ,
ಮಾತು ಕೇಳಿಸಿಕೊಂಡಿರಲಿಲ್ಲ.

ಈಗ ಬೆಳಗಿನ ಜಾವ ಮೂರೂಹತ್ತಕ್ಕೆ ಫೋನು.
ಆಡುವುದಕ್ಕೆ ಹೆಚ್ಚೇನೂ ಇಲ್ಲ.
ಆ ಕಡೆ ಅವನ ತಾಯಿ ಸತ್ತ ಕೋಳಿಗಳನ್ನು ಹೆಸರು ಹಿಡಿದು ಕರೆಯುತ್ತಾಳೆ,
ಈ ಕಡೆ ನಾನು ಕ್ರೇನು ಎಣಿಸಿ ಹೇಳುತ್ತೇನೆ: ಇವತ್ತು ಆರು.
ನನಗೆ ಏಳು ಕಾಣುತ್ತದಲ್ಲ, ಅನ್ನುತ್ತಾನೆ ಪಕ್ಕದ ಗುಡ್ಡದಿಂದ.
ಏಳನೆಯದಕ್ಕೆ ಹುಡುಕುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ.

ಒಳಗೆ ಹೋಗುತ್ತೇನೆ.
ಬಾಗಿಲು ಹಾಕಿ, ಹೊರಟೆವು, ಅನ್ನುತ್ತಾನೆ ನಿಕನೋರ್.
ಹಾಕುತ್ತೇನೆ.
ಬೀಗವನ್ನಲ್ಲ.